ಕುಳಿತು ನೋಡದ ಕುರ್ಚಿಗಳು

ತರಬೇತಿ ಕೊಠಡಿ, ಸೈಕಲ್ ಅಂಗಡಿಯ ಮೇಲ್ಮಹಡಿ
ಹದಿನಾಲ್ಕನೆಯ ತಾರೀಖು, ಬುಧವಾರ, ಬೆಳಿಗ್ಗೆ ಒಂಬತ್ತು ಗಂಟೆ

ಪ್ರೀತಿಯ ಮಗಳೇ,

ಲಕೋಟೆಯ ಮೇಲೆ ನಿನ್ನ ಅಮ್ಮನ ಕೈಬರಹವನ್ನು ಕಂಡು ಇದನ್ನು ಒಡೆದಿರುತ್ತೀಯೆ. ಒಳಗೆ ನನ್ನ ಅಕ್ಷರವಿರುವುದನ್ನು ಕಂಡು ಹಾಗೆಯೇ ಮಡಿಸಿ ಇಟ್ಟುಬಿಡಬೇಡ ಎಂದು ಕೇಳಿಕೊಳ್ಳುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ತಿಳಿಯದು; ಆದರೂ ಕೇಳಿಕೊಳ್ಳುತ್ತೇನೆ. ನಿನ್ನನ್ನು ಏಮಾರಿಸುವ ಉದ್ದೇಶ ನಮ್ಮಿಬ್ಬರಲ್ಲಿ ಯಾರಿಗೂ ಇರಲಿಲ್ಲ. ವಿಳಾಸವನ್ನು ನನ್ನ ಕೈಗೆ ಕೊಡಲು ಅವಳು ಒಪ್ಪಲಿಲ್ಲ, ಅಷ್ಟೇ. “ಕಾಗದ ನೀವು ಬರೀರಿ, ವಿಳಾಸ ನಾನು ಬರೀತೀನಿ. ನಿಮ್ಮ ಕೈಗೆ ಕೊಟ್ರೆ ಕಾಗದಕ್ಕಿಂತ ಮುಂಚೆ ನೀವೇ ಹೋಗಿ ಅವಳ ಅಂಗಡಿ ಬೋರ್ಡು ಬದಲಾಯಿಸಿಬಿಡ್ತೀರಿ” ಎಂದಳು. ಮೂವತ್ತೆಂಟು ವರ್ಷ ನನ್ನೊಡನೆ ಬಾಳಿದವಳು. ನನ್ನ ವಿಷಯದಲ್ಲಿ ಅವಳ ಅಂದಾಜು ತಪ್ಪುವುದು ಅಪರೂಪ. ಹಾಗಾಗಿ ನೀನು ಯಾವ ಊರಿನಲ್ಲಿದ್ದೀಯೆ ಎಂಬುದು ಇದನ್ನು ಬರೆಯುತ್ತಿರುವ ಈ ಗಳಿಗೆಯಲ್ಲಿಯೂ ನನಗೆ ಗೊತ್ತಿಲ್ಲ.

ಮೊದಲು ನಿನ್ನ ಕ್ಷೇಮವನ್ನು ತಿಳಿಸು. ಬಲಗೈ ಹೆಬ್ಬೆರಳಿನ ಬಿರುಕು ಹೇಗಿದೆ? ಚಳಿ ಬಂತೆಂದರೆ ಉಗುರಿನ ಪಕ್ಕದಲ್ಲಿಯೇ ಸೀಳಿಕೊಳ್ಳುತ್ತಿತ್ತು. ಎಣ್ಣೆ ಸವರಿ, ಬಟ್ಟೆಯ ಚೂರನ್ನು ಸುತ್ತಿಕೊಂಡೇ ನೀನು ಕೆಲಸಕ್ಕೆ ಕೂರುತ್ತಿದ್ದೆ. ಬೆನ್ನು ಹೇಗಿದೆ? ಕಣ್ಣಿಗೆ ಕನ್ನಡಕ ಬಂದಿದೆಯೇ? ನೀನು ಮತ್ತೆ ಬೆತ್ತದ ಕುರ್ಚಿ ಹೆಣೆಯುವ ಕೆಲಸವನ್ನೇ ಕೈಗೆತ್ತಿಕೊಂಡಿರುವುದು ನನಗೆ ಹೇಗೆ ತಿಳಿಯಿತೆಂದು ಹುಬ್ಬೇರಿಸುವೆ. ಹೇಳುತ್ತೇನೆ. ಅಮ್ಮ ಬಾಯಿ ಬಿಟ್ಟಿಲ್ಲ, ಅವಳನ್ನು ಗದರಬೇಡ. ಇಲ್ಲಿ ಅವಳ ಮೊಣಕಾಲು ಮೆಟ್ಟಿಲು ಕಂಡರೆ ಮುನಿಯುತ್ತದೆ, ಸಮತಟ್ಟಾದ ನೆಲದ ಮೇಲೆ ಮಾತ್ರ ಒಲಿಯುತ್ತದೆ. ನನ್ನ ಎಡಗಿವಿ ಅರ್ಧ ರಜೆ ಹಾಕಿದೆ. ಅದರಿಂದ ಮನೆಯಲ್ಲಿ ಶಾಂತಿ ಹೆಚ್ಚಿದೆಯೆಂದು ನಿನ್ನ ಅಮ್ಮನ ಅಭಿಪ್ರಾಯ.

ಆದರೂ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಆ ಕಿವಿ ತಾನಾಗಿಯೇ ಕೆಲಸಕ್ಕೆ ಹಾಜರಾಗುತ್ತದೆ. ನೀನು ಅಮ್ಮನಿಗೆ ದೂರವಾಣಿ ಮಾಡುವ ಹೊತ್ತು ಅದು. ನಾನು ಪಕ್ಕದ ಕೋಣೆಯಲ್ಲಿ ವೃತ್ತಪತ್ರಿಕೆಯ ಒಂದೇ ಪುಟವನ್ನು ಅರ್ಧ ಗಂಟೆ ಓದುತ್ತೇನೆ. ನಿನ್ನ ಮಾತುಗಳು ನನಗೆ ಕೇಳಿಸುವುದಿಲ್ಲ. ನಗು ಮಾತ್ರ ಕೇಳಿಸುತ್ತದೆ. ಯಾವ ಮಾತಿಗೆ ನಕ್ಕೆಯೆಂದು ತಿಳಿಯದೆ, ಆ ನಗುವನ್ನು ಮಾತ್ರ ಇಟ್ಟುಕೊಂಡು ಮುಂದಿನ ಭಾನುವಾರದವರೆಗೆ ಕಾಲ ಹಾಕುತ್ತೇನೆ. “ಏನಂತೆ?” ಎಂದು ಕೇಳಿದರೆ ಅಮ್ಮ “ಚೆನ್ನಾಗಿದಾಳೆ” ಎನ್ನುತ್ತಾಳೆ. ಒಂಬತ್ತು ವರ್ಷಗಳಿಂದ ನನಗೆ ಸಿಕ್ಕಿರುವುದು ಆ ಒಂದೇ ಪದ. ಒಮ್ಮೆಯೂ ನಾನೇಕೆ ದೂರವಾಣಿಯನ್ನು ಕೈಗೆ ತೆಗೆದುಕೊಳ್ಳಲಿಲ್ಲವೆಂದು ನೀನು ಕೇಳಬಹುದು. ನಿನ್ನ ಧ್ವನಿ ಕಿವಿಗೆ ಬಿದ್ದರೆ, ಎರಡನೆಯ ವಾಕ್ಯಕ್ಕೇ ನಿನಗೊಂದು ಸಲಹೆ ಕೊಟ್ಟುಬಿಡುತ್ತೇನೆಂಬ ಹೆದರಿಕೆ. ಬಾಯಿಂದ ಬಿದ್ದ ಮಾತನ್ನು ಹಿಂದಕ್ಕೆ ಪಡೆಯುವಂತಿಲ್ಲ. ಕಾಗದದಲ್ಲಾದರೆ ಹೊಡೆದುಹಾಕಬಹುದು. ಇದು ಐದನೆಯ ಪ್ರತಿ. ಮೊದಲ ನಾಲ್ಕರಲ್ಲಿ ಏನಿತ್ತೆಂಬುದನ್ನು ನೀನೇ ಊಹಿಸಿಕೋ.

ಇನ್ನು ಇಲ್ಲಿಯ ಸಮಾಚಾರ. ನಾನು ಅದೇ ಸಂಸ್ಥೆಯಲ್ಲಿದ್ದೇನೆ, ಆದರೆ ಅದೇ ಕೆಲಸದಲ್ಲಿಲ್ಲ. ಊರೂರಿಗೆ ಹೋಗಿ ಅಂಗಡಿಕಾರರಿಗೂ ಕಸುಬುದಾರರಿಗೂ ಬುದ್ಧಿ ಹೇಳಿ ಬರುವ ಮುಖ್ಯ ಸಲಹೆಗಾರನ ಹುದ್ದೆಯನ್ನು, ನೀನು ಮನೆ ಬಿಟ್ಟುಹೋದ ವರ್ಷವೇ ನಾನು ತೊರೆದೆ. ಈಗ ನನ್ನದು ಸ್ವಯಂಸೇವಕರನ್ನು ಸಿದ್ಧಗೊಳಿಸುವ ಕೆಲಸ. ಇನ್ನೂ ಸರಿಯಾದ ರಸ್ತೆ, ನೀರು, ಮಾರುಕಟ್ಟೆ ಕಾಣದ ಊರುಕೇರಿಗಳಲ್ಲಿ ಒಂದು ಕೋಣೆಯಲ್ಲೋ, ಒಂದು ಜಗಲಿಯ ಮೇಲೋ ಕಸುಬು ನಡೆಸುವವರಿದ್ದಾರಲ್ಲ, ಅವರ ಜೊತೆಗೆ ಒಂದೂವರೆ ವರ್ಷ ಇದ್ದು, ಆ ಕಸುಬು ನಾಲ್ಕು ಹೆಜ್ಜೆ ಮುಂದೆ ನಡೆಯುವುದಕ್ಕೆ ಕೈಜೋಡಿಸುವವರು ಇವರು. ಈ ಸಲದ ತಂಡದಲ್ಲಿ ಇಪ್ಪತ್ತಾರು ಮಂದಿ. ಈಗಷ್ಟೇ ಕಾಲೇಜು ಮುಗಿಸಿದವರಿದ್ದಾರೆ, ಕೆಲಸ ಬಿಟ್ಟು ಬಂದ ಎಂಜಿನಿಯರಿದ್ದಾನೆ, ಮಕ್ಕಳೆಲ್ಲ ದೊಡ್ಡವರಾದ ಮೇಲೆ ಮನೆಯಲ್ಲಿ ಕೈಕಟ್ಟಿ ಕೂರಲಾರದೆ ಬಂದ ಗೃಹಿಣಿಯರಿದ್ದಾರೆ. ಬರುವಾಗ ಎಲ್ಲರ ಕೈಯೂ ಖಾಲಿ, ತಲೆ ಮಾತ್ರ ಭರ್ತಿ. ಒಳ್ಳೆಯ ಜನ. ಒಳ್ಳೆಯ ಜನರಿಂದಲೇ ಎಷ್ಟು ಕೇಡಾಗಬಲ್ಲುದೆಂಬುದನ್ನು ನಾನು ಬಲ್ಲೆನಾದ್ದರಿಂದ ಅವರ ಮೇಲೆ ನನಗೆ ಅಕ್ಕರೆಯೂ ಇದೆ, ಎಚ್ಚರವೂ ಇದೆ.

ಮೊದಲ ದಿನ ನಾನು ಪಾಠ ಮಾಡುವುದಿಲ್ಲ. ಮೇಜಿನ ಮೇಲೆ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದನ್ನು ಇಟ್ಟು, ಎಲ್ಲರ ಕೈಗೂ ಕಾಗದದ ಚೀಟಿಗಳನ್ನು ಕೊಡುತ್ತೇನೆ. ಸಣ್ಣ ಕಸುಬುದಾರನಿಗೆ ಕೊಡಬೇಕೆಂದು ತಾವು ಹೊತ್ತು ತಂದಿರುವ ಸಲಹೆಗಳನ್ನೆಲ್ಲ, ಚೀಟಿಗೊಂದರಂತೆ, ಅದರಲ್ಲಿ ಬರೆಯಬೇಕು. ಯಾವ ಕಸುಬುದಾರನನ್ನೂ ಇನ್ನೂ ಕಣ್ಣಾರೆ ಕಂಡಿರುವುದಿಲ್ಲ, ಆದರೂ ಎಷ್ಟು ಹುರುಪಿನಿಂದ ಬರೆಯುತ್ತಾರೆನ್ನುವೆ! ಈ ಸಲ ಮುನ್ನೂರ ಹನ್ನೊಂದು ಚೀಟಿಗಳಾದವು. ಡಬ್ಬಿಗೆ ಮುಚ್ಚಳ ಹಾಕಿ, ಸುತ್ತಲೂ ಕಾಗದ ಅಂಟಿಸಿ, ಬೀರುವಿನ ಮೇಲೆ ಇಟ್ಟುಬಿಡುತ್ತೇನೆ. ಮರುದಿನದಿಂದ ಒಬ್ಬೊಬ್ಬರಿಗೂ ಒಂದೊಂದು ಅಂಗಡಿ, ಒಂದೊಂದು ಗಿಡ್ಡ ಸ್ಟೂಲು. ಮೂರು ದಿನ ಅಲ್ಲಿ ಬಾಯಿ ತೆರೆಯದೆ ಕುಳಿತಿರಬೇಕು. ಅಂಗಡಿಯವರು ಏನನ್ನಾದರೂ ಎತ್ತಿಕೊಡಿ ಎಂದರೆ ಎತ್ತಿಕೊಡಬಹುದು. ಉಳಿದಂತೆ ನೋಡುವುದು, ದಿನಚರಿಯಲ್ಲಿ ಬರೆಯುವುದು. ಬರೆಯುವುದಕ್ಕೂ ಒಂದು ಕಟ್ಟಳೆ: ಅಲ್ಲಿ ಇರುವುದನ್ನು ಮಾತ್ರ ಬರೆಯಬೇಕು. ಬೆಳಕಿಲ್ಲ, ಕಪಾಟಿಲ್ಲ, ಬೋರ್ಡಿಲ್ಲ ಎಂದು ಇಲ್ಲದ್ದನ್ನು ಬರೆದರೆ ಆ ಪುಟವನ್ನು ಹರಿದು ಅವರ ಕೈಗೇ ಕೊಡುತ್ತೇನೆ. ಅಂಗಡಿಯ ಹೆಸರನ್ನೂ ಊರಿನ ಹೆಸರನ್ನೂ ಬರೆಯಕೂಡದು. ಇನ್ನೊಬ್ಬರ ಕಸುಬಿನ ಗುಟ್ಟು ನಮ್ಮ ಬೀರುವಿನಿಂದ ಬಯಲಾಗಬಾರದು. ನಾಲ್ಕನೆಯ ದಿನ ಡಬ್ಬಿಯನ್ನು ತೆರೆಯುತ್ತೇವೆ. ತಾವು ಬರೆದದ್ದನ್ನು ತಾವೇ ಓದಿಕೊಂಡು, ನಾಚಿಕೆಯೆನಿಸಿದ್ದನ್ನು ಹರಿಯಬೇಕು. ಒಬ್ಬೊಬ್ಬರ ಬಳಿ ಒಂದೋ ಎರಡೋ ಉಳಿಯುತ್ತವೆ. ಅಷ್ಟನ್ನೇ ಕಟ್ಟಿಕೊಂಡು ಅವರು ಊರು ಸೇರಬೇಕು.

ನಗುವ ಸಂಗತಿಯೊಂದನ್ನು ಹೇಳಿಬಿಡುತ್ತೇನೆ. ನಮ್ಮ ಎಂಜಿನಿಯರನಿಗೆ ಅವನ ಜೊತೆಯವರು ‘ಪಂಡಿತ’ ಎಂದು ಹೆಸರಿಟ್ಟಿದ್ದಾರೆ. ಅವನನ್ನು ಕ್ಷೌರದಂಗಡಿಯಲ್ಲಿ ಕೂರಿಸಿದ್ದೆ. ಒಂದು ಗಂಟೆ ಹೇಗೋ ತುಟಿ ಬಿಗಿಹಿಡಿದನಂತೆ. ಆಮೇಲೆ ತಡೆಯಲಾರದೆ, ಕನ್ನಡಿ ಇರಬೇಕಾದ ಗೋಡೆ ಇದಲ್ಲ ಎಂದ. ಕ್ಷೌರಿಕ ಅವನನ್ನು ಸ್ಟೂಲಿನಿಂದ ಎಬ್ಬಿಸಿ, ದೊಡ್ಡ ಕುರ್ಚಿಯಲ್ಲಿ ಕೂರಿಸಿ, ಮುಖದ ತುಂಬ ನೊರೆ ಹಚ್ಚಿ, ಕತ್ತಿಯನ್ನು ಗಂಟಲಿನ ಹತ್ತಿರ ಹಿಡಿದು, “ಈಗ ಹೇಳಿ ಸ್ವಾಮಿ, ಇನ್ನೇನೇನು ಬದಲಾಯಿಸ್ಬೇಕು?” ಎಂದು ಬಹಳ ವಿನಯದಿಂದ ಕೇಳಿದನಂತೆ. ಒಂದು ಕೆನ್ನೆಯನ್ನು ಮಾತ್ರ ಬೋಳಿಸಿ, “ಇನ್ನೊಂದು ನಾಳೆಗೆ. ಸುಮ್ನೆ ಕೂತ್ರೆ” ಎಂದು ಕಳುಹಿಸಿದ. ಪಂಡಿತ ಹಾಗೆಯೇ ಅರ್ಧ ಗಡ್ಡದಲ್ಲಿ ಊಟಕ್ಕೆ ಬಂದ. ಇದನ್ನು ಹೇಳಿದಾಗ ನಿನ್ನ ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು; ನಕ್ಕು ಮುಗಿಸಿ, “ಕೂತು ಉಂಡ್ರೆ ಕುಡಿಕೆ ಹೊನ್ನೂ ಸಾಲದು ಅಂತಾರೆ. ನೀವು ಕೂರೋದನ್ನೇ ಒಂದು ವಿದ್ಯೆ ಮಾಡಿದೀರಲ್ಲ!” ಎಂದಳು. ನೀನಿದ್ದಿದ್ದರೆ ಇಬ್ಬರೂ ಸೇರಿ ನನ್ನನ್ನು ಇನ್ನೆಷ್ಟು ಗೋಳುಹೊಯ್ದುಕೊಳ್ಳುತ್ತಿದ್ದಿರೋ ಎಂದುಕೊಂಡೆ. ಮನೆಯಲ್ಲಿ ನಗು ಬಂದಾಗಲೆಲ್ಲ ಹೀಗೆಯೇ. ಅದರ ಇನ್ನೊಂದು ಅರ್ಧ ಎಲ್ಲಿ ಎಂದು ಬಾಗಿಲ ಕಡೆಗೆ ನೋಡುವಂತಾಗುತ್ತದೆ.

ಈ ವಿದ್ಯೆಯನ್ನು ಎಲ್ಲಿ ಕಲಿತಿರಿ ಎಂದು ಸ್ವಯಂಸೇವಕರು ಕೇಳಿದರೆ, ‘ಅನುಭವದಿಂದ’ ಎಂದು ಹೇಳಿ ಹಲಗೆಯ ಕಡೆಗೆ ತಿರುಗುತ್ತೇನೆ. ನಿನ್ನಿಂದ ಎಂಬುದೇ ಸತ್ಯ. ನಡೆದದ್ದನ್ನೆಲ್ಲ ನೀನು ಬಲ್ಲೆ. ನಾನೂ ಬಲ್ಲೆನೆಂಬುದು ಮಾತ್ರ ನಿನಗೆ ತಿಳಿಯದು. ಆದ್ದರಿಂದ ಬರೆದು ಒಪ್ಪಿಸುತ್ತೇನೆ. ಹಿಂದಿನ ಓಣಿಯಲ್ಲಿ ನೀನು ಬೆತ್ತದ ಕುರ್ಚಿಗಳಿಗೆ ಆಸನ ಹೆಣೆಯುತ್ತಿದ್ದ ಆ ಜಾಗವನ್ನು ನಾನು ಕಾರ್ಖಾನೆ ಎನ್ನುತ್ತಿದ್ದೆ, ನೀನು ಕೋಣೆ ಎನ್ನುತ್ತಿದ್ದೆ. ಆ ಕೋಣೆಗೆ ಒಂದು ಬೆಳಿಗ್ಗೆ ಮೂವತ್ತೆರಡು ಮಂದಿ ಸ್ವಯಂಸೇವಕರನ್ನು ಕರೆದುಕೊಂಡು ಬಂದೆ, ಮಾದರಿ ಪಾಠಕ್ಕೆಂದು. ನಿನ್ನನ್ನು ಕೇಳಲಿಲ್ಲ. ಮಗಳ ಕೋಣೆಗೆ ತಂದೆ ಅಪ್ಪಣೆ ಕೇಳಿ ಬರಬೇಕೇ ಎಂಬ ಹಮ್ಮು. ನಿನ್ನ ಇಬ್ಬರು ಹೆಣಿಗೆಯವರ ಎದುರಿಗೆ, ಕುರ್ಚಿ ಒಯ್ಯಲು ಬಂದಿದ್ದ ದರ್ಜಿಯ ಎದುರಿಗೆ, ನಿನ್ನ ಕಸುಬಿನ ಏಳು ದೋಷಗಳನ್ನು ಬೆರಳು ಮಡಿಸಿ ಎಣಿಸಿದೆ. ಮೊದಲನೆಯದು, ನೀರಿನ ತೊಟ್ಟಿ ಬಾಗಿಲಿಗೆ ಅಡ್ಡವಾಗಿದೆ. ಏಳನೆಯದು, ಒಂದು ಕುರ್ಚಿಗೆ ನಾಲ್ಕು ದಿನ ಹಿಡಿಯುತ್ತದೆ. ಹೆಣೆಯಲೆಂದು ತೊಟ್ಟಿಯಿಂದ ಆಗತಾನೆ ತೆಗೆದ ಬೆತ್ತದ ಎಳೆಯನ್ನು ಹಿಡಿದು ನೀನು ನಿಂತಿದ್ದೆ. ನಾನು ಏಳನ್ನೂ ಹೇಳಿ ಮುಗಿಸುವಷ್ಟರಲ್ಲಿ ಅದು ನಿನ್ನ ಕೈಯಲ್ಲಿಯೇ ಒಣಗಿ ಬಿರುಸಾಗಿತ್ತು. ನಾನದನ್ನು ನೋಡಿದೆ. ನೋಡಿದ್ದರ ಅರ್ಥ ತಿಳಿಯಲಿಲ್ಲ.

ಆಮೇಲೆ ಹೋಟೆಲಿನವರ ನೂರಿಪ್ಪತ್ತು ಕುರ್ಚಿಗಳು. ಅದನ್ನು ಒಪ್ಪಿಕೊಂಡು ಬಂದವನೂ ನಾನೇ. ಬೆತ್ತದ ಬದಲು ಪ್ಲಾಸ್ಟಿಕ್ ಪಟ್ಟಿಯನ್ನು ಹೆಣೆದರೆ ನೆನೆಸಬೇಕಿಲ್ಲ, ಒಣಗಿಸಬೇಕಿಲ್ಲ, ದಿನಕ್ಕೆ ಮೂರು ಕುರ್ಚಿ ಎಂದು ಲೆಕ್ಕ ಹೇಳಿದೆ. “ಅಪ್ಪಾ, ಪ್ಲಾಸ್ಟಿಕ್ಕು ಜೋತುಬೀಳುತ್ತೆ” ಎಂದೆ ನೀನು. “ಕುರ್ಚಿ ಹೆಣೆಯೋದು ನಿನಗೆ ಗೊತ್ತು, ವ್ಯಾಪಾರ ಬೆಳೆಸೋದು ನನಗೆ ಗೊತ್ತು” ಎಂದೆ ನಾನು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಆಸನಗಳೆಲ್ಲ ಜೋತುಬಿದ್ದವು. ಹೋಟೆಲಿನ ಮಾಲೀಕ ನಲವತ್ತು ಕುರ್ಚಿಗಳನ್ನು ನಿನ್ನ ಬಾಗಿಲಲ್ಲಿ ಪೇರಿಸಿ, ಓಣಿಗೆಲ್ಲ ಕೇಳುವಂತೆ, “ಏನಮ್ಮಾ, ಇದು ಕೂರೋ ಕುರ್ಚಿನಾ, ಮಗು ತೂಗೋ ತೊಟ್ಟಿಲಾ?” ಎಂದು ಕೂಗಿದನಂತೆ. ಓಣಿ ನಕ್ಕಿತಂತೆ. ಆ ಮಾತನ್ನು ಕೇಳಬೇಕಾದವನು ನಾನು, ಕೇಳಿಸಿಕೊಂಡವಳು ನೀನು. ನಾನು ಆ ಹೊತ್ತಿನಲ್ಲಿ ಬೇರೊಂದು ಊರಿನ ಸಭೆಯಲ್ಲಿ ನಿನ್ನ ಕೋಣೆಯ ಏಳಿಗೆಯನ್ನೇ ಉದಾಹರಣೆಯಾಗಿ ಹೇಳುತ್ತಿದ್ದೆ. ನಿನ್ನ ಹೆಣಿಗೆಯವರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಹಿಂದಕ್ಕೆ ಬಂದ ಕುರ್ಚಿಗಳನ್ನೆಲ್ಲ ನೀನೊಬ್ಬಳೇ ಕುಳಿತು ಬೆತ್ತದಲ್ಲಿ ಮರುಹೆಣಿಗೆ ಮಾಡಿ ತಲುಪಿಸಿ, ಕೋಣೆಯ ಬೀಗದ ಕೈಯನ್ನು ನಮ್ಮ ಅಡುಗೆಮನೆಯ ಮೊಳೆಗೆ ತೂಗುಹಾಕಿ, ಹೊಸ್ತಿಲ ಬಳಿ ನಿಂತು ಹೇಳಿದೆ: “ಅಪ್ಪಾ, ನನ್ನ ಕುರ್ಚಿಗಳನ್ನೆಲ್ಲ ನೋಡಿದ್ರಿ. ಒಂದರ ಮೇಲಾದ್ರೂ ಕೂತು ನೋಡಲಿಲ್ಲ.” ನೀನು ಹೋದ ಮೇಲೆ ನಿನ್ನ ಅಮ್ಮ ಗೋಡೆಗೆ ಹೇಳುವಂತೆ, “ಊರಿಗೆ ಉಪಕಾರಿ, ಮನೆಗೆ ಮಾರಿ” ಎಂದಳು. ಗೋಡೆ ಸುಮ್ಮನಿತ್ತು. ನಾನೂ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ದೊಡ್ಡವರಿಗೆ ಎದುರಾಡುವ ನಿನ್ನ ಬುದ್ಧಿಯೇ ಎಂಟನೆಯ ದೋಷವೆಂದೆ. ಇಷ್ಟು ದಿನ ಇದನ್ನು ಅಮ್ಮ ನಿನಗೆ ಹೇಳಿಲ್ಲವಾದರೆ ಈಗ ನಾನೇ ಹೇಳಿದಂತಾಯಿತು.

ತಿಂಗಳೊಂದು ಕಳೆದ ಮೇಲೆ ಏಣಿಯನ್ನು ತರಲೆಂದು ನಿನ್ನ ಕೋಣೆಯ ಬೀಗ ತೆಗೆದೆ. ಒಂದೇ ಒಂದು ಕುರ್ಚಿ ಗೋಡೆಯ ಪಕ್ಕದಲ್ಲಿ ಉಳಿದಿತ್ತು. ಕಾಲು ಸೋತಿತ್ತು, ಕುಳಿತೆ. ಅದು ಸುಮ್ಮನೆ ನನ್ನನ್ನು ಹೊತ್ತುಕೊಂಡಿತು. ಕಿರ್ರೆನ್ನಲಿಲ್ಲ, ಕುಗ್ಗಲಿಲ್ಲ. ಅಲ್ಲಿಂದ ನೋಡಿದಾಗ ಬಾಗಿಲಿನ ಬೆಳಕೆಲ್ಲ ಆ ತೊಟ್ಟಿಯ ಮೇಲೆಯೇ ಬೀಳುತ್ತಿತ್ತು. ನೆನೆದ ಬೆತ್ತದ ಬಣ್ಣ ತಿಳಿಯುವ ಜಾಗ ಆ ಕೋಣೆಯಲ್ಲಿ ಅದೊಂದೇ ಎಂಬುದು, ಕುಳಿತಿದ್ದರಿಂದ ತಿಳಿಯಿತು. ಅಷ್ಟರಲ್ಲಿ ಹಾಲು ಮಾರುವಾಕೆ ತೆರೆದ ಬಾಗಿಲನ್ನು ಕಂಡು ಬಂದಳು. ರೂಢಿಯಂತೆ ತೊಟ್ಟಿಯೊಳಗೆ ಕೈ ಇಳಿಬಿಟ್ಟಳು. ನೀರಿರಲಿಲ್ಲ. ಕೈಯನ್ನು ಹಾಗೆಯೇ ಒಣಗಾಳಿಯಲ್ಲಿ ಹಿಡಿದುಕೊಂಡು, “ಅವ್ರಿಲ್ವಾ?” ಎಂದಳು. ನಾನು ಮಾತನಾಡಲಿಲ್ಲ, ಮಗಳೇ. ನನ್ನ ಜನ್ಮದಲ್ಲಿ ಬಹುಶಃ ಅದೇ ಮೊದಲು. ಮರುದಿನವೂ ಅದರ ಮರುದಿನವೂ ಹೋಗಿ ಅದೇ ಕುರ್ಚಿಯಲ್ಲಿ ಕುಳಿತೆ. ನನ್ನ ಸ್ವಯಂಸೇವಕರು ಮೂರು ದಿನವೇ ಏಕೆ ಕೂರುತ್ತಾರೆಂಬುದಕ್ಕೆ ಕಾರಣ ಇಷ್ಟೇ.

ಈಗ ನಿನ್ನ ಸಂಗತಿ ನನಗೆ ತಿಳಿದ ಬಗೆ. ತಂಡದ ಇಪ್ಪತ್ತಾರು ಮಂದಿಯಲ್ಲಿ ನಿವೃತ್ತ ದಾದಿಯೊಬ್ಬರಿದ್ದಾರೆ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದವರು, ಎಲ್ಲರಿಗೂ ‘ಸಿಸ್ಟರಮ್ಮ’. ರೋಗಿಗಳ ಪಕ್ಕದಲ್ಲಿ ಸದ್ದಿಲ್ಲದೆ ಕುಳಿತು ಅವರಿಗೆ ಅಭ್ಯಾಸ, ಗಡಿಯಾರ ನೋಡಿ ಬರೆಯುವುದೂ ಅಭ್ಯಾಸ. ಬೇರೊಂದು ಊರಿನಲ್ಲಿರುವ ತಮ್ಮ ಅಕ್ಕನ ಮನೆಯಲ್ಲಿ ಉಳಿದುಕೊಂಡು ಅಲ್ಲಿಯೇ ಮೂರು ದಿನದ ಅಭ್ಯಾಸ ಮುಗಿಸಿ ಬರುತ್ತೇನೆಂದರು. ನಮ್ಮ ಕಾರ್ಯದರ್ಶಿಗಳು ಒಪ್ಪಿದರು. ಕಳೆದ ತಿಂಗಳ ಕೊನೆಯಲ್ಲಿ ದಿನಚರಿಗಳನ್ನು ತಿದ್ದಲು ಕುಳಿತೆ. ಅವರದರಲ್ಲಿ ಹೀಗಿತ್ತು: ‘ಹತ್ತು ಗಂಟೆ ಐದು ನಿಮಿಷ. ಬೆತ್ತ ನೆನೆಸುವ ತೊಟ್ಟಿ ಬಾಗಿಲಲ್ಲಿದೆ. ಬರುವವರು ಅದನ್ನು ಬಳಸಿಕೊಂಡು ಬರುತ್ತಾರೆ. ಬಳಸುವಾಗ ನೀರಿಗೆ ಕೈ ಅದ್ದುತ್ತಾರೆ. ಕೈ ಅದ್ದಿದವರೆಲ್ಲ ಒಂದು ಮಾತಾಡಿಯೇ ಮುಂದೆ ಹೋಗುತ್ತಾರೆ.’ ಕನ್ನಡಕವನ್ನು ಒರೆಸಿಕೊಂಡು ಮುಂದೆ ಓದಿದೆ. ‘ಹತ್ತೂಕಾಲು. ಒಡತಿ ತೊಟ್ಟಿಯಿಂದ ಒಂದು ಎಳೆ ತೆಗೆದು ಎಡಗೆನ್ನೆಗೆ ತಾಗಿಸಿಕೊಂಡು, ಕಣ್ಣು ಮುಚ್ಚಿ, ಮತ್ತೆ ನೀರಿಗೆ ಬಿಟ್ಟರು. ಇನ್ನಷ್ಟು ನೆನೆಯಬೇಕೆಂದು ಕಾಣುತ್ತದೆ.’

ಹೊಸ ಪುಸ್ತಕ, ಒಗೆದು ಒಣಗಿಸಿದ ಚಾದರ, ತಣ್ಣಗಿನ ಲೋಟ, ನನ್ನ ಕನ್ನಡಕದ ಗಾಜು. ಮೂರು ವರ್ಷದವಳಿದ್ದಾಗ ಯಾವುದು ಕೈಗೆ ಸಿಕ್ಕರೂ ನೀನು ಎಡಗೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದೆ. ಕೆನ್ನೆಯಿಂದ ಬೆತ್ತದ ಹದ ನೋಡುವವರು ಲೋಕದಲ್ಲಿ ಇನ್ನೂ ಇರಬಹುದು. ಹಾಗೆ ಕಣ್ಣು ಮುಚ್ಚುವವಳನ್ನು ನಾನು ಒಬ್ಬಳನ್ನೇ ಬಲ್ಲೆ. ಬೆತ್ತವನ್ನು ನೀನು ಬಿಟ್ಟೇಬಿಟ್ಟೆಯೆಂದು, ಬಿಡಿಸಿದವನು ನಾನೆಂದು ಒಂಬತ್ತು ವರ್ಷ ನಂಬಿದ್ದೆ. ಅದೇ ಪುಟದ ಕೆಳಗೆ ಇನ್ನೂ ಇತ್ತು: ‘ಮಧ್ಯಾಹ್ನ ಒಂದೂವರೆ. ಒಡತಿ ಸೇರಿ ಹೆಣೆಯುವ ಐವರೂ ಒಟ್ಟಿಗೆ ಊಟ. ಒಡತಿ ಕೊನೆಗೆ ಕೂರುತ್ತಾರೆ. ತಮಾಷೆ ಹೇಳುತ್ತಾರೆ. ತಮ್ಮ ತಮಾಷೆಗೆ ತಾವೇ ಮೊದಲು ನಗುತ್ತಾರೆ.’ ನನ್ನ ಭಾನುವಾರದ ನಗು ವಾರದ ಉಳಿದ ದಿನಗಳಲ್ಲಿ ಎಲ್ಲಿರುತ್ತದೆಂಬುದು ಆಗ ತಿಳಿಯಿತು. ದಿನಚರಿಯನ್ನು ಮನೆಗೆ ತಂದು ನಿನ್ನ ಅಮ್ಮನಿಗೆ ಓದಿ ಹೇಳಿದೆ. ಅವಳು ಒಗೆದ ಬಟ್ಟೆಗಳನ್ನು ಮಡಿಸುತ್ತಿದ್ದಳು. ಮಡಿಸುವುದನ್ನು ನಿಲ್ಲಿಸದೆ, “ಇಷ್ಟು ತಿಳ್ಕೊಳ್ಳೋಕೆ ಒಂಬತ್ತು ವರ್ಷ ಬೇಕಾಯ್ತಾ ರೀ ನಿಮಗೆ?” ಎಂದಳು. ಆದರೆ ಒಂದೇ ಅಂಗಿಯನ್ನು ನಾಲ್ಕು ಸಲ ಮಡಿಸಿದಳು.

ನಿನ್ನಿಂದ ಮುಚ್ಚಿಡುವುದಿಲ್ಲ: ಅದನ್ನೋದಿದ ದಿನವೇ ನಿನಗೆಂದು ನಾನು ಏಳು ಚೀಟಿಗಳನ್ನು ಬರೆದೆ. ಹುಟ್ಟುಗುಣ ಸುಟ್ಟರೂ ಹೋಗದು. ಕೋಣೆಯನ್ನು ಹೀಗೆ ಮಾಡು, ಬೆತ್ತವನ್ನು ಹಾಗೆ ತರಿಸು ಎಂದೆಲ್ಲ. ಡಬ್ಬಿಗೆ ಹಾಕಿ ಮುಚ್ಚಿಟ್ಟು, ನಾಲ್ಕನೆಯ ದಿನ ತೆರೆದು, ಆರನ್ನು ಹರಿದೆ. ಏಳನೆಯದು ಅಂಗಿಯ ಜೇಬಿನಲ್ಲಿದೆ: ‘ತುಂಬಿದ ತೊಟ್ಟಿಯನ್ನು ಒಬ್ಬಳೇ ಎತ್ತಬೇಡ.’ ಇದು ಸಲಹೆಯೋ, ಬೇರೇನೋ, ನನಗೆ ನಿರ್ಧರಿಸಲಾಗಲಿಲ್ಲ. ಅದಕ್ಕೇ ಉಳಿಯಿತು.

ಇನ್ನು ನಿನ್ನ ತೀರ್ಮಾನಕ್ಕೆ ಬಿಟ್ಟ ವಿಷಯ. ಸಿಸ್ಟರಮ್ಮ ತಮ್ಮ ಒಂದೂವರೆ ವರ್ಷವನ್ನು ನಿಮ್ಮ ಕೋಣೆಯಲ್ಲಿಯೇ ಕಳೆಯಲು ಬಯಸಿದ್ದಾರೆ. ನೀವು ಐವರೂ ಇನ್ನೂ ಎಂಟು ಮಂದಿ ಹೆಂಗಸರಿಗೆ ಹೆಣಿಗೆ ಕಲಿಸಿ, ಕಸುಬನ್ನು ಹಿಗ್ಗಿಸುವ ಯೋಚನೆಯಲ್ಲಿದ್ದೀರೆಂದು ಊಟದ ಹೊತ್ತಿನ ಮಾತುಗಳಿಂದ ಅವರಿಗೆ ತಿಳಿಯಿತಂತೆ. ಅವರ ಹೆಸರಿನ ಅರ್ಜಿ ನನ್ನ ಮೇಜಿನ ಮೇಲಿದೆ. ಅದರಲ್ಲಿ ನಿನ್ನ ಊರಿನ ಬದಲು ಒಂದು ಸಂಖ್ಯೆ ಮಾತ್ರವಿದೆ. ನಮ್ಮ ಪದ್ಧತಿ ಹಾಗೆ. ತರಬೇತಿ ಕೊಟ್ಟವನ ಸಹಿ ಬೀಳದೆ ಅರ್ಜಿ ಮುಂದೆ ಹೋಗದು. ನೀನು ನನ್ನ ಮಗಳೆಂಬುದನ್ನು ಕಾರ್ಯದರ್ಶಿಗಳಿಗೆ ತಿಳಿಸಿದ್ದೇನೆ. “ಹಾಗಾದ್ರೆ ನೀವಲ್ಲ, ಅವರೇ ಒಪ್ಪಬೇಕು” ಎಂದರು. ನ್ಯಾಯವಾದ ಮಾತು. ಸಿಸ್ಟರಮ್ಮನಿಗೆ ಇನ್ನೂ ಹೇಳಿಲ್ಲ. ಆಕೆ ನನ್ನ ಕೈಕೆಳಗೆ ಕಲಿತವರು. ನನ್ನ ನೆರಳು ಇನ್ನೊಂದು ಸಲ ನಿನ್ನ ಬಾಗಿಲನ್ನು ದಾಟಿ ಒಳಗೆ ಬಂದಂತಾಗುವುದೆಂದು ನಿನಗೆ ಅನಿಸಿದರೆ, ಬೇಡ ಎಂದು ಎರಡಕ್ಷರ ಬರೆ, ಸಾಕು. ಏಕೆಂದು ಕೇಳುವುದಿಲ್ಲ. ಬೇರೆಯವರ ಬಳಿ ಕಲಿತ ಇನ್ನೊಬ್ಬರನ್ನು ಕಳುಹಿಸುತ್ತಾರೆ. ಆಗಲಿ ಎಂದರೆ, ಅವರ ಪರವಾಗಿ ಒಂದೇ ಮಾತು: ಅವರು ಡಬ್ಬಿಗೆ ಹಾಕಿದ್ದ ಹದಿನಾಲ್ಕು ಚೀಟಿಗಳಲ್ಲಿ ಒಂದೂ ಉಳಿಯಲಿಲ್ಲ. ಎಲ್ಲವನ್ನೂ ಹರಿದು, ಹೊಸದೊಂದನ್ನು ಬರೆದುಕೊಂಡರು: ‘ಒಡತಿಯ ಬಲಗೈ ಹೆಬ್ಬೆರಳಿಗೆ ತೆಳ್ಳನೆಯ ಚರ್ಮದ ಟೊಪ್ಪಿಗೆ ಹೊಲಿಸಬಹುದೇ ಎಂದು ಅವರನ್ನೇ ಕೇಳುವುದು.’ ಅರ್ಜಿಯ ಗಡುವು ಇಪ್ಪತ್ತೈದನೆಯ ತಾರೀಖು.

ಕಾಗದ ಉದ್ದವಾಯಿತು. ನಿನ್ನ ಜೊತೆಯ ನಾಲ್ವರಿಗೂ ಈ ಮುದುಕನ ವಂದನೆಗಳನ್ನು ಹೇಳು. ಯಾರೆಂದು ಕೇಳಿದರೆ ನಿನಗೆ ತೋಚಿದ್ದನ್ನು ಹೇಳು. ನಿನ್ನ ಕೈಗೆ ಹದ, ತೊಟ್ಟಿಗೆ ನೀರು, ಬಾಗಿಲಿಗೆ ಬೆಳಕು ಎಂದೆಂದೂ ಕಡಮೆಯಾಗದಿರಲಿ. ನೀನು ಕೊನೆಗೆ ಕುಳಿತರೂ ನಿನ್ನ ಪಾಲಿನ ಊಟ ಬಿಸಿಯಾಗಿಯೇ ಇರಲಿ.

ನಿನ್ನ ಹಾದಿಯನ್ನೇ ನೋಡುತ್ತಿರುವ,
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಕಾಗದವನ್ನು ಮನೆಗೆ ತಂದು ಇದನ್ನು ಸೇರಿಸುತ್ತಿದ್ದೇನೆ; ನಿನ್ನ ಅಮ್ಮ ಅಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ, ಹನ್ನೊಂದಕ್ಕೆ ಅಂಚೆ ಹೊರಡುತ್ತದೆ. ಸಿಸ್ಟರಮ್ಮನ ದಿನಚರಿಯ ಕೊನೆಯ ಸಾಲುಗಳು ಇವು: ‘ಬಾಗಿಲ ಎಡಕ್ಕೆ, ತೊಟ್ಟಿಯ ಪಕ್ಕದಲ್ಲಿ, ಒಂದು ಬೆತ್ತದ ಕುರ್ಚಿ. ಮೂರು ದಿನವೂ ಖಾಲಿ. ಬೆಳಿಗ್ಗೆ ಬಂದೊಡನೆ ಒಡತಿಯೇ ಅದನ್ನು ಒರೆಸುತ್ತಾರೆ. ಗಿರಾಕಿಗಳು ಕೂರಲು ಹೋದರೆ ಬೇರೆಯದನ್ನು ಎಳೆದುಕೊಡುತ್ತಾರೆ. ಹೊರಡುವಾಗ, ಅದು ಯಾರದೆಂದು ಕೇಳಿದೆ. “ಅದು ನಮ್ಮಪ್ಪಂದು. ಬಾಯಿ ಮುಚ್ಕೊಂಡು ಕೂರೋದು ಯಾವತ್ತು ಕಲೀತಾರೋ ಅವತ್ತು ಬರ್ಲಿ ಅಂತ ಇಟ್ಟಿದೀನಿ” ಎಂದು ನಕ್ಕರು.’ ಮಗಳೇ, ಕಳೆದ ಗುರುವಾರ, ಶುಕ್ರವಾರ, ಶನಿವಾರ ಮೂರು ದಿನವೂ ನಾನು ನಮ್ಮ ಬೀದಿಯ ಚಪ್ಪಲಿ ರಿಪೇರಿಯವನ ಅಂಗಡಿಯಲ್ಲಿ, ಎಲ್ಲರಂತೆ ಗಿಡ್ಡ ಸ್ಟೂಲಿನ ಮೇಲೆ, ಬೆಳಗಿನಿಂದ ಸಂಜೆಯವರೆಗೆ ಕುಳಿತಿದ್ದೆ. ಅವನು ತನ್ನ ಕೈಯಾರೆ ಬರೆದುಕೊಟ್ಟ ಚೀಟಿಯನ್ನು ಇದರೊಳಗೆ ಇಟ್ಟಿದ್ದೇನೆ: ‘ಯಜಮಾನರು ಮೂರು ದಿನ ಕೂತಿದ್ದರು. ಮಾತಾಡಲಿಲ್ಲ. ಒಂದು ಸಲ ಕೆಮ್ಮಿದರು.’ ಆ ಕೆಮ್ಮು ನಿಜವಾದ ಕೆಮ್ಮು. ನೀನು ಬಾ ಎಂದರೆ ಅಮ್ಮ ದಾರಿ ತೋರಿಸುತ್ತಾಳಂತೆ. ಕುರ್ಚಿ ಹೇಗಿದೆಯೆಂಬುದನ್ನು ಕುಳಿತ ಮೇಲೆ ಹೇಳುತ್ತೇನೆ. ಅದೂ ನೀನು ಕೇಳಿದರೆ.